ಒಣ ಮಿಲ್ಲಿಂಗ್ ಯಂತ್ರ (ದಂತ ಪ್ರಯೋಗಾಲಯ)

ಒಣ ಮಿಲ್ಲಿಂಗ್ ಯಂತ್ರವು ದಂತ ಪ್ರಯೋಗಾಲಯಗಳಲ್ಲಿ ಕೃತಕ ಹಲ್ಲುಗಳನ್ನು ನೀರು ಅಥವಾ ಬೇರಾವ ಶೀತಕ ದ್ರವವನ್ನೂ ಬಳಸದೆ ಕೊರೆದು ರೂಪಿಸುವ, ಗಣಕ ನಿಯಂತ್ರಿತ ಯಂತ್ರವಾಗಿದೆ. ಕ್ರೌನ್ ಅಥವಾ ಆಡುಮಾತಿನಲ್ಲಿ ಕ್ಯಾಪ್ ಎನ್ನಲಾಗುವ ಹಲ್ಲಿನ ಕವಚ, ಎರಡು ಹಲ್ಲುಗಳ ಆಧಾರದ ಮೇಲೆ ನಡುವಿನ ಖಾಲಿ ಜಾಗವನ್ನು ತುಂಬುವ ಬ್ರಿಡ್ಜ್, ತಾತ್ಕಾಲಿಕ ಹಲ್ಲುಗಳು ಹಾಗೂ ಎರಕಕ್ಕೆ ಬೇಕಾದ ಮೇಣದ ಮಾದರಿಗಳು ಇದರಲ್ಲಿ ತಯಾರಾಗುತ್ತವೆ. ಜಿರ್ಕೋನಿಯಾ ಎಂಬ ಪಿಂಗಾಣಿ, ಪಿಎಂಎಂಎ ಎಂಬ ಅಕ್ರಿಲಿಕ್ ರಾಳ, ಮೇಣ ಮತ್ತು ಪೀಕ್ ಎಂಬ ಪಾಲಿಮರ್ ಇದರ ಮುಖ್ಯ ಕಚ್ಚಾವಸ್ತುಗಳು. ಕೊರೆಯುವಾಗ ಏಳುವ ಪುಡಿಯನ್ನು ಸಂಕುಚಿತ ಗಾಳಿಯಿಂದ ಊದಿ, ಧೂಳು ಹೀರುವ ಯಂತ್ರದಿಂದ ಸೆಳೆದುಕೊಳ್ಳಲಾಗುತ್ತದೆ.

ಗಣಕ ಆಧಾರಿತ ತಯಾರಿಕೆಗೆ ಇಳಿಯುವ ಸಣ್ಣ ಮತ್ತು ಮಧ್ಯಮ ಗಾತ್ರದ ಪ್ರಯೋಗಾಲಯಗಳು ಬಹುಪಾಲು ಮೊದಲು ಕೊಳ್ಳುವುದು ಒಣ ಯಂತ್ರವನ್ನೇ. ಈ ಆಯ್ಕೆಯಲ್ಲಿ ಯಂತ್ರದ ವಿವರಪಟ್ಟಿಗಿಂತ ಅದರ ಸುತ್ತಲಿನ ವ್ಯವಸ್ಥೆ, ಅಂದರೆ ಕುಲುಮೆ, ಗಾಳಿ, ವಿದ್ಯುತ್, ತಂತ್ರಾಂಶ ಮತ್ತು ದುರಸ್ತಿ, ಹೆಚ್ಚು ನಿರ್ಣಾಯಕ. ಮಂಗಳೂರಿನಂತಹ ಕರಾವಳಿ ನಗರದಲ್ಲಿ ಈ ಮಾತು ಇನ್ನಷ್ಟು ನಿಜ.

ಹಿನ್ನೆಲೆ

ಗಣಕದ ನೆರವಿನಿಂದ ಹಲ್ಲಿನ ಕವಚವನ್ನು ವಿನ್ಯಾಸಗೊಳಿಸಿ ಯಂತ್ರದಿಂದ ಕೊರೆಯುವ ಕಲ್ಪನೆಯನ್ನು 1970ರ ದಶಕದಲ್ಲಿ ಫ್ರಾನ್ಸಿನ ಫ್ರಾನ್ಸ್ವಾ ಡ್ಯುರೆ ಮುಂದಿಟ್ಟರು. 1985ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ ವೆರ್ನರ್ ಮೋರ್ಮನ್ ಮತ್ತು ಮಾರ್ಕೊ ಬ್ರಾಂಡೆಸ್ಟಿನಿ ರೂಪಿಸಿದ ಸೆರೆಕ್ ವ್ಯವಸ್ಥೆಯಿಂದ ರೋಗಿಯೊಬ್ಬರಿಗೆ ಮೊದಲ ಬಾರಿಗೆ ಹಲ್ಲಿನ ತುಂಬುಭಾಗವನ್ನು ತಯಾರಿಸಲಾಯಿತು. ಅದು ವೈದ್ಯರ ಕುರ್ಚಿಯ ಪಕ್ಕದಲ್ಲಿ ನಡೆಯುವ, ನೀರು ಬಳಸುವ ಯಂತ್ರವಾಗಿತ್ತು. ಅದೇ ದಶಕದಲ್ಲಿ ಸ್ವೀಡನ್ನಿನ ಮಾಟ್ಸ್ ಆಂಡರ್ಸನ್ ಪ್ರೊಸೆರಾ ವ್ಯವಸ್ಥೆಯನ್ನು ಬೆಳೆಸಿದರು. ಪ್ರಯೋಗಾಲಯದಿಂದ ಅಳತೆಯ ಮಾಹಿತಿಯನ್ನು ದೂರದ ಕೇಂದ್ರಕ್ಕೆ ಕಳುಹಿಸಿ, ಅಲ್ಲಿ ತಯಾರಾದ ವಸ್ತುವನ್ನು ತರಿಸಿಕೊಳ್ಳುವ ಪದ್ಧತಿ ಅದರಿಂದ ಬಲವಾಯಿತು.

ಒಣ ಮಿಲ್ಲಿಂಗ್ ಪ್ರತ್ಯೇಕ ಮಾರ್ಗವಾಗಿ ಬೆಳೆಯಲು ಕಾರಣವಾದದ್ದು ಜಿರ್ಕೋನಿಯಾ. ಪೂರ್ತಿ ಸುಟ್ಟ ಜಿರ್ಕೋನಿಯಾವನ್ನು ಕೊರೆಯುವುದು ನಿಧಾನದ, ದುಬಾರಿ ಕೆಲಸ. ಅರ್ಧ ಸುಟ್ಟ ಸ್ಥಿತಿಯಲ್ಲಿ ಅದು ಸೀಮೆಸುಣ್ಣದಷ್ಟು ಮೃದುವಾಗಿರುತ್ತದೆ. ಆ ಸ್ಥಿತಿಯಲ್ಲಿ ದೊಡ್ಡದಾಗಿ ಕೊರೆದು, ಅನಂತರ ಸುಟ್ಟು ಕುಗ್ಗಿಸುವ ಉಪಾಯ ದೊರೆತ ಮೇಲೆ ಮೇಜಿನ ಮೇಲೆ ಕೂರುವ ಯಂತ್ರಗಳು ಸಾಧ್ಯವಾದವು. ಇಟಲಿಯ ಜಿರ್ಕೋನ್‌ಜಾನ್ ಸಂಸ್ಥೆ ಕೈಯಿಂದ ನಡೆಸುವ ನಕಲು ಯಂತ್ರವನ್ನೂ ತಂದಿತ್ತು. ಒಂದು ತುದಿಯಲ್ಲಿ ಮಾದರಿಯನ್ನು ಸವರಿದರೆ ಇನ್ನೊಂದು ತುದಿಯ ಬರ್ ಅದೇ ಆಕಾರವನ್ನು ಹಿಗ್ಗಿಸಿ ಕೊರೆಯುತ್ತಿತ್ತು. ಇಂದು ಜಪಾನಿನ ರೋಲ್ಯಾಂಡ್ ಡಿಜಿ, ಜರ್ಮನಿಯ ವಿಎಚ್‌ಎಫ್ ಮತ್ತು ಇಮೆಸ್-ಐಕೋರ್, ಆಸ್ಟ್ರಿಯಾದ ಅಮಾನ್ ಗಿರ್‌ಬಾಖ್ ಮೊದಲಾದವು ಈ ಕ್ಷೇತ್ರದ ಪರಿಚಿತ ತಯಾರಕರು. ಚೀನಾ ಮತ್ತು ದಕ್ಷಿಣ ಕೊರಿಯಾದ ಯಂತ್ರಗಳೂ ಭಾರತದ ಮಾರುಕಟ್ಟೆಯಲ್ಲಿವೆ.

ಮಂಗಳೂರಿನ ಸಂದರ್ಭ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳು ದಂತವೈದ್ಯಕೀಯ ಶಿಕ್ಷಣದಲ್ಲಿ ಹಳೆಯ ಹೆಸರು ಪಡೆದಿವೆ. ಮಣಿಪಾಲದ ದಂತ ವಿಜ್ಞಾನ ಕಾಲೇಜು 1965ರಲ್ಲಿ ಆರಂಭವಾಯಿತು. ಮಂಗಳೂರಿನ ಸುತ್ತಮುತ್ತ ದೇರಳಕಟ್ಟೆಯ ಎ.ಬಿ. ಶೆಟ್ಟಿ ಸ್ಮಾರಕ ದಂತ ವಿಜ್ಞಾನ ಸಂಸ್ಥೆ 1985ರಲ್ಲಿ, ಲೈಟ್‌ಹೌಸ್ ಹಿಲ್ ರಸ್ತೆಯ ಮಣಿಪಾಲ ದಂತ ವಿಜ್ಞಾನ ಕಾಲೇಜು 1987ರಲ್ಲಿ, ದೇರಳಕಟ್ಟೆಯ ಯೆನೆಪೋಯ ದಂತ ಕಾಲೇಜು 1992ರಲ್ಲಿ ಸ್ಥಾಪನೆಗೊಂಡವು. ಕುಂಟಿಕಾನದ ಎ.ಜೆ. ಸಂಸ್ಥೆ, ಸುರತ್ಕಲ್ ಸಮೀಪದ ಮುಕ್ಕದ ಶ್ರೀನಿವಾಸ ಸಂಸ್ಥೆ ಹಾಗೂ ಸುಳ್ಯದ ಕೆ.ವಿ.ಜಿ. ಕಾಲೇಜು ಈ ಸಾಲಿನ ಇತರ ಹೆಸರುಗಳು. ಇಲ್ಲಿ ಕಲಿತವರಲ್ಲಿ ಅನೇಕರು ಇದೇ ಕರಾವಳಿಯಲ್ಲಿ, ಕಾಸರಗೋಡಿನಿಂದ ಕುಂದಾಪುರದವರೆಗೆ, ಚಿಕಿತ್ಸಾಲಯ ತೆರೆದಿದ್ದಾರೆ. ಹೀಗಾಗಿ ಇಲ್ಲಿನ ಪ್ರಯೋಗಾಲಯಕ್ಕೆ ಕೆಲಸ ಕಳುಹಿಸುವ ವೈದ್ಯರು ಹತ್ತಿರದಲ್ಲೇ ಇರುತ್ತಾರೆ. ಅಳತೆಯ ಅಂಚು ಸ್ಪಷ್ಟವಾಗಿಲ್ಲವೆಂದು ಅವರಿಗೆ ಹೇಳಿ ಮರು ಅಳತೆ ತರಿಸಿಕೊಳ್ಳುವುದೂ ಸಾಧ್ಯವಾಗುತ್ತದೆ.

ಸ್ವಂತ ಯಂತ್ರವಿಲ್ಲದ ಪ್ರಯೋಗಾಲಯವು ವಿನ್ಯಾಸದ ಕಡತವನ್ನು ಅಥವಾ ಅಚ್ಚನ್ನೇ ಬೇರೆ ಊರಿನ ಮಿಲ್ಲಿಂಗ್ ಕೇಂದ್ರಕ್ಕೆ ಕಳುಹಿಸುತ್ತದೆ. ಕೇರಳದ ಮೂವಾಟ್ಟುಪುಳದ ಡೆಂಟ್‌ಕೇರ್‌ನಂತಹ ಬೃಹತ್ ಪ್ರಯೋಗಾಲಯಗಳೂ ದೂರದೂರಿನ ವೈದ್ಯರಿಂದ ನೇರವಾಗಿ ಕೆಲಸ ಪಡೆಯುತ್ತವೆ. ಕಡತ ಕ್ಷಣದಲ್ಲಿ ತಲುಪುತ್ತದೆ, ಆದರೆ ಹಲ್ಲು ರಸ್ತೆಯ ಮೇಲೆಯೇ ಬರಬೇಕು. ಮಂಗಳೂರು ಮತ್ತು ಬೆಂಗಳೂರಿನ ನಡುವಿನ ಮುಖ್ಯ ಮಾರ್ಗವಾದ ಶಿರಾಡಿ ಘಾಟಿಯಲ್ಲಿ 2018ರ ಮಳೆಗಾಲದಲ್ಲಿ ಭೂಕುಸಿತದಿಂದ ಸಂಚಾರ ಸ್ಥಗಿತಗೊಂಡಿತ್ತು. 2024ರ ಜುಲೈಯಲ್ಲೂ ಅದೇ ಪರಿಸ್ಥಿತಿ ಮರುಕಳಿಸಿತು. ಕೊಲ್ಲಿ ರಾಷ್ಟ್ರಗಳಿಂದ ಅಲ್ಪ ರಜೆಯಲ್ಲಿ ಊರಿಗೆ ಬಂದು ಹಲ್ಲು ಕಟ್ಟಿಸಿಕೊಳ್ಳುವವರಿರುವ ಕರಾವಳಿಯಲ್ಲಿ ಎರಡು ದಿನದ ವಿಳಂಬವೂ ಚಿಕ್ಕದಲ್ಲ. ಸ್ವಂತ ಯಂತ್ರದ ಯೋಚನೆ ಹುಟ್ಟುವುದು ಬಹುಮಟ್ಟಿಗೆ ಈ ವಿಳಂಬದಿಂದ. ಮಿಲ್ಲಿಂಗ್ ಶುಲ್ಕದ ಉಳಿತಾಯ ಆ ಬಳಿಕದ ಮಾತು.

ಕುಗ್ಗುವಿಕೆ ಮತ್ತು ನಿಖರತೆ

ಮಿಲ್ಲಿಂಗ್‌ಗೆ ಬಳಸುವ ಜಿರ್ಕೋನಿಯಾ ಬಿಲ್ಲೆಯ ಆಕಾರದಲ್ಲಿ ಬರುತ್ತದೆ. ಹೆಚ್ಚು ಪ್ರಚಲಿತ ಬಿಲ್ಲೆಯ ವ್ಯಾಸ ಸುಮಾರು 98 ಮಿ.ಮೀ.; ದಪ್ಪ 10ರಿಂದ 25 ಮಿ.ಮೀ.ವರೆಗೆ ಬೇರೆಬೇರೆ. ಯಂತ್ರದಲ್ಲಿ ಕೊರೆದ ತುಣುಕನ್ನು 1,450ರಿಂದ 1,550 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಸುಟ್ಟಾಗ ಅದು ಪ್ರತಿ ದಿಕ್ಕಿನಲ್ಲೂ ಸುಮಾರು ಶೇಕಡಾ 20ರಷ್ಟು ಕುಗ್ಗಿ ಗಟ್ಟಿಯಾಗುತ್ತದೆ. ಆದ್ದರಿಂದ ತಂತ್ರಾಂಶವು ವಿನ್ಯಾಸವನ್ನು ಮೊದಲೇ ಹಿಗ್ಗಿಸುತ್ತದೆ. ಹಿಗ್ಗಿಸಬೇಕಾದ ಪ್ರಮಾಣವನ್ನು ತಯಾರಕರು ಪ್ರತಿ ಬಿಲ್ಲೆಯ ಮೇಲೆ ನಮೂದಿಸಿರುತ್ತಾರೆ. ಮಂಗಳೂರಿಗೆ ಈ ತತ್ತ್ವ ಹೊಸದೇನಲ್ಲ. ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಕಾಲದಿಂದಲೂ ಜೇಡಿಮಣ್ಣು ಒಣಗಿ ಸುಟ್ಟಾಗ ಕುಗ್ಗುವುದನ್ನು ಲೆಕ್ಕ ಹಾಕಿಯೇ ಹೆಂಚು ತಯಾರಾಗಿದೆ. ವ್ಯತ್ಯಾಸವಿರುವುದು ಸಹಿಸಬಹುದಾದ ದೋಷದ ಗಾತ್ರದಲ್ಲಿ.

ಒಂದು ಬಿಲ್ಲೆಯ ಹಿಗ್ಗುವಿಕೆಯ ಅಂಕ 1.25 ಎಂದಿದ್ದರೆ, 10 ಮಿ.ಮೀ. ಅಗಲದ ಕ್ರೌನ್‌ಗೆ 12.5 ಮಿ.ಮೀ. ಕೊರೆಯಬೇಕು. ತಪ್ಪಿ 1.24 ಎಂದು ದಾಖಲಿಸಿದರೆ ಸುಟ್ಟ ಬಳಿಕ ಅದು 9.92 ಮಿ.ಮೀ. ಆಗಿರುತ್ತದೆ. ವ್ಯತ್ಯಾಸ 80 ಮೈಕ್ರೊಮೀಟರ್. ಕ್ರೌನಿನ ಅಂಚಿಗೂ ಹಲ್ಲಿಗೂ ನಡುವೆ ಬಾಯಿಯಲ್ಲಿ ಒಪ್ಪಬಹುದಾದ ಅಂತರವನ್ನು ಸಾಮಾನ್ಯವಾಗಿ 120 ಮೈಕ್ರೊಮೀಟರ್ ಎಂದು ಪರಿಗಣಿಸಲಾಗುತ್ತದೆ. ಈ ಮಿತಿಯನ್ನು ಮೆಕ್ಲೀನ್ ಮತ್ತು ಫಾನ್ ಫ್ರಾನ್‌ಹೋಫರ್ 1971ರ ಅಧ್ಯಯನದಲ್ಲಿ ಸೂಚಿಸಿದ್ದರು. ಐವತ್ತು ಮಿ.ಮೀ. ಉದ್ದದ ಬ್ರಿಡ್ಜ್‌ನಲ್ಲಿ ಇದೇ ತಪ್ಪು 0.4 ಮಿ.ಮೀ.ಗೆ ಏರುತ್ತದೆ, ಆಗ ಅದು ಹಲ್ಲಿನ ಮೇಲೆ ಕೂರುವುದೇ ಇಲ್ಲ. ಯಂತ್ರದ ವಿವರಪಟ್ಟಿಯಲ್ಲಿ ಮೈಕ್ರೊಮೀಟರಿನ ಲೆಕ್ಕದಲ್ಲಿ ಬರೆದಿರುವ ನಿಖರತೆ ಈ ಸರಪಳಿಯ ಒಂದು ಕೊಂಡಿ ಮಾತ್ರ. ಸ್ಕ್ಯಾನರ್, ವಿನ್ಯಾಸ, ಬಿಲ್ಲೆ, ಬರ್‌ನ ಸವೆತ, ಕುಲುಮೆಯ ತಾಪ, ಎಲ್ಲದರ ದೋಷಗಳೂ ಕೊನೆಗೆ ಕ್ರೌನಿನ ಅಂಚಿನಲ್ಲಿ ಸೇರುತ್ತವೆ.

ಸುಟ್ಟ ನಂತರ ಉಜ್ಜಿ ಸರಿಪಡಿಸಿದರಾಯಿತು ಎಂಬ ಭಾವನೆಯೂ ಅಪಾಯಕಾರಿ. ಜಿರ್ಕೋನಿಯಾದ ಬಲಕ್ಕೆ ಅದರ ಹರಳುಗಳ ವಿಶೇಷ ಗುಣವೇ ಕಾರಣ. ಬಿರುಕೊಂದು ಮುಂದುವರಿಯಲು ಹೊರಟಾಗ ಅದರ ಸುತ್ತಲಿನ ಹರಳುಗಳು ರೂಪ ಬದಲಿಸಿ ಹಿಗ್ಗುತ್ತವೆ ಮತ್ತು ಬಿರುಕನ್ನು ಅದುಮುತ್ತವೆ. ನೀರಿಲ್ಲದೆ ಒತ್ತಿ ಉಜ್ಜಿದರೆ ಇದೇ ರೂಪಾಂತರ ಮೇಲ್ಮೈಯಲ್ಲಿ ಅಕಾಲದಲ್ಲಿ ನಡೆಯಬಹುದು, ಕಣ್ಣಿಗೆ ಕಾಣದ ಬಿರುಕುಗಳೂ ಹುಟ್ಟಬಹುದು. ಅಂತಹ ಕ್ರೌನ್ ಪ್ರಯೋಗಾಲಯದಲ್ಲಿ ಚೆನ್ನಾಗಿ ಕಂಡು, ರೋಗಿಯ ಬಾಯಿಯಲ್ಲಿ ಕೆಲಕಾಲದ ಬಳಿಕ ಒಡೆಯುತ್ತದೆ.

ಒಣ ಮತ್ತು ಒದ್ದೆ ವಿಧಾನಗಳು

ಲಿಥಿಯಂ ಡೈಸಿಲಿಕೇಟ್‌ನಂತಹ ಗಾಜು ಪಿಂಗಾಣಿ ಮತ್ತು ಟೈಟೇನಿಯಂ ಲೋಹವನ್ನು ಕೊರೆಯಲು ಶೀತಕ ದ್ರವ ಬೇಕು. ಒಣ ಯಂತ್ರದಲ್ಲಿ ಅವುಗಳನ್ನು ಕೊರೆಯಲಾಗದು. ಎರಡೂ ವಿಧಾನಗಳಿರುವ ಮಿಶ್ರ ಯಂತ್ರಗಳು ದೊರೆಯುತ್ತವೆ. ಒಂದೇ ಹಣದಲ್ಲಿ ಎರಡು ಯಂತ್ರ ಎಂಬಂತೆ ಅವು ತೋರುತ್ತವೆ. ಆದರೆ ಒದ್ದೆ ಕೆಲಸದ ನಂತರ ಒಳಕೋಣೆಯನ್ನು ಪೂರ್ತಿ ತೊಳೆದು ಒಣಗಿಸದೆ ಜಿರ್ಕೋನಿಯಾ ಕೊರೆದರೆ ಪುಡಿ ನೀರಿನೊಂದಿಗೆ ಸೇರಿ ಕೆಸರಾಗಿ ಅಂಟುತ್ತದೆ. ದಿನಕ್ಕೆ ಎರಡು ಮೂರು ಬಾರಿ ವಿಧಾನ ಬದಲಿಸಬೇಕಾದ ಪ್ರಯೋಗಾಲಯದಲ್ಲಿ ಶುಚಿಗೊಳಿಸುವ ಸಮಯವೇ ಕೆಲಸದ ಸಮಯವನ್ನು ನುಂಗುತ್ತದೆ. ಮಳೆಗಾಲದ ಮಂಗಳೂರಿನಲ್ಲಿ ಒಣಗಿಸುವುದೂ ನಿಧಾನವೇ.

ಹೀಗಾಗಿ ಮೊದಲು ನೋಡಬೇಕಾದದ್ದು ಪ್ರಯೋಗಾಲಯದ ಕಳೆದ ಆರು ತಿಂಗಳಿನಿಂದ ಒಂದು ವರ್ಷದವರೆಗಿನ ಕೆಲಸದ ದಾಖಲೆ. ಜಿರ್ಕೋನಿಯಾ ಕ್ರೌನ್ ಮತ್ತು ಬ್ರಿಡ್ಜ್‌ಗಳೇ ಬಹುಪಾಲಿದ್ದರೆ ಶುದ್ಧ ಒಣ ಯಂತ್ರ ಸಾಕು. ಉಳಿದ ಕೆಲವನ್ನು ಅಡ್ಡದಾರಿಯಲ್ಲಿ ಮಾಡಬಹುದು. ಮೇಣ ಅಥವಾ ಸುಟ್ಟಾಗ ಬೂದಿ ಉಳಿಯದ ಪಿಎಂಎಂಎಯಲ್ಲಿ ಮಾದರಿ ಕೊರೆದು, ಹಳೆಯ ಕ್ರಮದಂತೆ ಕೋಬಾಲ್ಟ್ ಕ್ರೋಮಿಯಂ ಎರಕ ಹೊಯ್ಯಬಹುದು. ಲಿಥಿಯಂ ಡೈಸಿಲಿಕೇಟನ್ನು ಒತ್ತುಕುಲುಮೆಯಲ್ಲಿ ಅಚ್ಚಿಗೆ ತುಂಬಬಹುದು. ಎರಕದ ಸಲಕರಣೆ ಈಗಾಗಲೇ ಇರುವ ಹಳೆಯ ಪ್ರಯೋಗಾಲಯಗಳಿಗೆ ಇದು ದೊಡ್ಡ ಅನುಕೂಲ. ಇಂಪ್ಲಾಂಟ್‌ಗೆ ಬೇಕಾದ ಟೈಟೇನಿಯಂ ಭಾಗಗಳನ್ನು ಹೊರಗಿನಿಂದ ತರಿಸುವುದೇ ಆರಂಭದಲ್ಲಿ ಜಾಣತನ.

ಜಿರ್ಕೋನಿಯಾದಲ್ಲೂ ಭೇದಗಳಿವೆ. ಇಟ್ರಿಯಾ ಕಡಿಮೆಯಿರುವ 3ವೈ ಎಂಬ ಬಗೆಯ ಬಾಗು ಬಲ ಸುಮಾರು 900ರಿಂದ 1,200 ಮೆಗಾಪಾಸ್ಕಲ್. ಹೆಚ್ಚಿರುವ 5ವೈ ಬಗೆ ಹೆಚ್ಚು ಪಾರಭಾಸಕ, ಆದರೆ ಬಲ ಸುಮಾರು 500ರಿಂದ 700 ಮೆಗಾಪಾಸ್ಕಲ್. ಐಎಸ್‌ಒ 6872 ಮಾನದಂಡದಂತೆ ದವಡೆಹಲ್ಲೂ ಸೇರಿದ ಮೂರು ಘಟಕದ ಬ್ರಿಡ್ಜ್‌ಗೆ ಕನಿಷ್ಠ 500, ನಾಲ್ಕು ಅಥವಾ ಹೆಚ್ಚು ಘಟಕದ ಬ್ರಿಡ್ಜ್‌ಗೆ ಕನಿಷ್ಠ 800 ಮೆಗಾಪಾಸ್ಕಲ್ ಬಲ ಬೇಕು. ಯಂತ್ರಕ್ಕೆ ಈ ಭೇದ ತಿಳಿಯದು, ಯಾವ ಬಿಲ್ಲೆ ಇಟ್ಟರೂ ಕೊರೆಯುತ್ತದೆ. ಆಯ್ಕೆಯ ಹೊಣೆ ತಂತ್ರಜ್ಞರದು.

ಅಕ್ಷಗಳು, ಸ್ಪಿಂಡಲ್ ಮತ್ತು ಬರ್

ನಾಲ್ಕು ಅಕ್ಷದ ಯಂತ್ರದಲ್ಲಿ ಬರ್ ಮೂರು ದಿಕ್ಕಿನಲ್ಲಿ ಚಲಿಸುತ್ತದೆ ಮತ್ತು ಬಿಲ್ಲೆ ಒಂದು ಅಕ್ಷದ ಸುತ್ತ ತಿರುಗುತ್ತದೆ. ಐದು ಅಕ್ಷದ ಯಂತ್ರದಲ್ಲಿ ಬಿಲ್ಲೆ ಇನ್ನೊಂದು ದಿಕ್ಕಿಗೂ ವಾಲುತ್ತದೆ. ಒಂಟಿ ಕ್ರೌನ್‌ಗೆ ನಾಲ್ಕು ಅಕ್ಷ ಸಾಕಾಗುತ್ತದೆ. ಆದರೆ ಬ್ರಿಡ್ಜ್‌ನ ಆಧಾರದ ಹಲ್ಲುಗಳು ಒಂದಕ್ಕೊಂದು ವಾಲಿಕೊಂಡಿದ್ದರೆ ಅಥವಾ ಇಂಪ್ಲಾಂಟ್‌ನ ತಿರುಪಿನ ರಂಧ್ರ ಓರೆಯಾಗಿದ್ದರೆ, ಬರ್ ತಲುಪಲಾರದ ಮೂಲೆಗಳು ಉಳಿಯುತ್ತವೆ. ಹಲ್ಲು ಕಿತ್ತ ಮೇಲೆ ಹಲವು ವರ್ಷ ಖಾಲಿ ಬಿಟ್ಟ ಜಾಗದಲ್ಲಿ ಅಕ್ಕಪಕ್ಕದ ಹಲ್ಲುಗಳು ಒಳಕ್ಕೆ ವಾಲುವುದು ಸಹಜ. ಅಂತಹ ರೋಗಿಗಳ ಬ್ರಿಡ್ಜ್‌ಗಳು ನಿಯಮಿತವಾಗಿ ಬರುವ ಪ್ರಯೋಗಾಲಯಕ್ಕೆ ಐದು ಅಕ್ಷ ಅಗತ್ಯ. ವಾಲುವ ಕೋನ ಎಷ್ಟು ಡಿಗ್ರಿ ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ. ಐದು ಅಕ್ಷ ಎಂಬ ಹೆಸರಿಗಿಂತ ಆ ಕೋನವನ್ನು ಕೇಳಿ ತಿಳಿಯುವುದು ಹೆಚ್ಚು ಉಪಯುಕ್ತ.

ಬರ್ ಹಿಡಿದು ತಿರುಗಿಸುವ ಸ್ಪಿಂಡಲ್ ಯಂತ್ರದ ಅತ್ಯಂತ ದುಬಾರಿ ಭಾಗಗಳಲ್ಲಿ ಒಂದು. ನಿಮಿಷಕ್ಕೆ 30,000 ಸುತ್ತಿನಿಂದ 60,000 ಸುತ್ತಿನವರೆಗಿನ ಗರಿಷ್ಠ ವೇಗದ ಸ್ಪಿಂಡಲ್‌ಗಳು ಬಳಕೆಯಲ್ಲಿವೆ. ವೇಗಕ್ಕಿಂತ ಕಂಪನವಿಲ್ಲದ ಸ್ಥಿರತೆ ಮುಖ್ಯ. ಬಳಸಿದ ಯಂತ್ರವನ್ನು ಕೊಳ್ಳುವವರು ಯಂತ್ರದ ವಯಸ್ಸಿಗಿಂತ ಸ್ಪಿಂಡಲ್ ಓಡಿದ ಗಂಟೆಗಳನ್ನು ನೋಡಬೇಕು. ಅದು ಯಂತ್ರದ ದಾಖಲೆಯಲ್ಲಿ ಸಿಗುತ್ತದೆ.

ಜಿರ್ಕೋನಿಯಾಕ್ಕೆ ವಜ್ರಲೇಪಿತ ಬರ್‌ಗಳನ್ನು ಬಳಸುತ್ತಾರೆ. ಮೊದಲ ಒರಟು ಕೊರೆತಕ್ಕೆ ಸುಮಾರು 2 ಅಥವಾ 2.5 ಮಿ.ಮೀ., ನಂತರ 1 ಮಿ.ಮೀ., ಹಲ್ಲಿನ ಮೇಲ್ಮೈಯ ಸೂಕ್ಷ್ಮ ಗೆರೆಗಳಿಗೆ 0.6 ಮಿ.ಮೀ. ಅಥವಾ ಅದಕ್ಕಿಂತ ಸಣ್ಣ ಬರ್. ವೈದ್ಯರು ಕೊರೆದ ಮುಂಭಾಗದ ಹಲ್ಲಿನ ತುದಿ ಬರ್‌ನ ವ್ಯಾಸಕ್ಕಿಂತ ತೆಳುವಾಗಿದ್ದರೆ ಕ್ರೌನಿನ ಒಳಗೆ ಅಷ್ಟು ಕಿರಿದಾದ ಸಂದು ಮೂಡಿಸಲು ಬರ್‌ಗೆ ಆಗದು. ಆಗ ತಂತ್ರಾಂಶ ಒಳಭಾಗವನ್ನು ಅಗತ್ಯಕ್ಕಿಂತ ಹೆಚ್ಚು ಕೊರೆಯುತ್ತದೆ. ಕ್ರೌನ್ ಕೂರುತ್ತದೆ, ಆದರೆ ಆ ಜಾಗದಲ್ಲಿ ಗೋಡೆ ತೆಳುವಾಗಿ ಸಡಿಲವೂ ಆಗುತ್ತದೆ. ಇದಕ್ಕೆ ಪರಿಹಾರವಿರುವುದು ವೈದ್ಯರ ಕೈಯಲ್ಲಿ. ಮೊನಚು ಮೂಲೆಗಳನ್ನು ದುಂಡಾಗಿಸಿ ಹಲ್ಲನ್ನು ಸಿದ್ಧಪಡಿಸುವಂತೆ ಅವರಿಗೆ ಮೊದಲೇ ತಿಳಿಸಬೇಕು. ಸವೆದ ಬರ್ ಅಂಚನ್ನು ಚೂರುಚೂರಾಗಿ ಕೀಳುತ್ತದೆ. ಬರ್ ಉಳಿಸಿದ ಹಣ ಮರು ತಯಾರಿಕೆಯಲ್ಲಿ ಹೋಗುತ್ತದೆ.

ಧೂಳು

ಜಿರ್ಕೋನಿಯಾದ ಪುಡಿ ಹಿಟ್ಟಿನಂತೆ ನಯ, ಆದರೆ ಸವೆಸುವ ಗುಣದ್ದು. ಯಂತ್ರದ ಜಾರುಹಳಿ ಮತ್ತು ಬೇರಿಂಗ್‌ಗಳೊಳಗೆ ಸೇರಿದರೆ ಅವು ಬೇಗ ಹಾಳಾಗುತ್ತವೆ. ಉಸಿರಿನೊಂದಿಗೆ ಒಳಹೋದರೆ ಶ್ವಾಸಕೋಶಕ್ಕೆ ತೊಂದರೆ. ದಂತ ತಂತ್ರಜ್ಞರಲ್ಲಿ ಧೂಳಿನಿಂದ ಉಂಟಾಗುವ ಶ್ವಾಸಕೋಶದ ಕಾಯಿಲೆ ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿದೆ. ಲೋಹ, ಸಿಲಿಕಾ ಮತ್ತು ಅಕ್ರಿಲಿಕ್ ಪುಡಿಗಳನ್ನು ವರ್ಷಗಟ್ಟಲೆ ಸೇವಿಸಿದ ಈ ವೃತ್ತಿಗೆ ಮಿಲ್ಲಿಂಗ್ ಯಂತ್ರ ಮುಚ್ಚಿದ ಪೆಟ್ಟಿಗೆಯಲ್ಲಿ ಕೆಲಸ ಮಾಡುವ ಮೂಲಕ ಒಂದು ರಕ್ಷಣೆಯನ್ನು ತಂದಿದೆ. ಆದರೆ ಬಾಗಿಲು ತೆರೆದು ಗಾಳಿ ಪಿಸ್ತೂಲಿನಿಂದ ಪುಡಿ ಊದಿದ ಕ್ಷಣಕ್ಕೆ ಆ ರಕ್ಷಣೆ ಮುಗಿಯುತ್ತದೆ.

ಮನೆಬಳಕೆಯ ವ್ಯಾಕ್ಯೂಮ್ ಕ್ಲೀನರ್ ಇಲ್ಲಿ ಉಪಯೋಗಕ್ಕಿಲ್ಲ. ಅದು ಸೂಕ್ಷ್ಮ ಕಣಗಳನ್ನು ಹಿಂಬದಿಯಿಂದ ಕೋಣೆಗೇ ಬಿಡುತ್ತದೆ. ಹೆಪಾ ಶೋಧಕವಿರುವ, ಯಂತ್ರದೊಂದಿಗೆ ತಾನೇ ಚಾಲೂ ಆಗುವ ಧೂಳುಹೀರುಕ ಬೇಕು. ಬೆಲೆಪಟ್ಟಿಯಲ್ಲಿ ಇದು ಅನೇಕ ವೇಳೆ ಪ್ರತ್ಯೇಕ ವಸ್ತುವಾಗಿರುತ್ತದೆ, ಆದ್ದರಿಂದ ಹೋಲಿಕೆ ಮಾಡುವಾಗ ಸೇರಿಸಿಕೊಂಡೇ ಲೆಕ್ಕ ಹಾಕಬೇಕು. ಪಿಎಂಎಂಎಯ ಚೂರುಗಳು ಸ್ಥಿರ ವಿದ್ಯುತ್ತಿನಿಂದ ಒಳಗೋಡೆಗೆ ಅಂಟಿಕೊಳ್ಳುತ್ತವೆ; ಕೆಲವು ಯಂತ್ರಗಳಲ್ಲಿ ಅದನ್ನು ತಗ್ಗಿಸುವ ಅಯಾನೀಕಾರಕ ಇರುತ್ತದೆ. ಮೇಣ ಅಥವಾ ಲೋಹದ ಪುಡಿ ಉಳಿದ ಕೋಣೆಯಲ್ಲಿ ಜಿರ್ಕೋನಿಯಾ ಕೊರೆದರೆ ಆ ಕಣಗಳು ತುಣುಕಿಗೆ ಅಂಟಿ, ಸುಟ್ಟಾಗ ಕಲೆಯಾಗಿ ಹೊರಬರುತ್ತವೆ.

ಗಾಳಿ, ತೇವ ಮತ್ತು ವಿದ್ಯುತ್

ಮಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 3,500 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ, ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಉಳಿದ ತಿಂಗಳುಗಳಲ್ಲೂ ಕಡಲತೀರದ ಗಾಳಿಯಲ್ಲಿ ತೇವ ಹೆಚ್ಚು. ಯಂತ್ರದ ಮಾರಾಟಗಾರರ ಪುಸ್ತಕದಲ್ಲಿ ಒಣ, ಎಣ್ಣೆರಹಿತ ಗಾಳಿ ಬೇಕು ಎಂದು ಒಂದು ಸಾಲಿನಲ್ಲಿ ಬರೆದಿರುವ ಷರತ್ತು ಇಲ್ಲಿ ದೊಡ್ಡ ವಿಷಯವಾಗುತ್ತದೆ.

ಒಂದು ಲೆಕ್ಕವನ್ನು ನೋಡಬಹುದು. ನಿಮಿಷಕ್ಕೆ 100 ಲೀಟರ್ ಗಾಳಿ ಸೆಳೆಯುವ ಕಂಪ್ರೆಸರ್ ಎಂಟು ಗಂಟೆ ಓಡಿದರೆ 48 ಘನ ಮೀಟರ್ ಗಾಳಿ ಒಳಬರುತ್ತದೆ. ಮೂವತ್ತು ಡಿಗ್ರಿ ತಾಪ, ಶೇಕಡಾ 85 ತೇವದ ದಿನ ಅದರಲ್ಲಿ ಸುಮಾರು 1.2 ಲೀಟರಿನಷ್ಟು ನೀರು ಆವಿಯ ರೂಪದಲ್ಲಿರುತ್ತದೆ. ಗಾಳಿಯನ್ನು ಏಳನೇ ಒಂದು ಪಾಲಿಗೆ ಒತ್ತಿ ಮತ್ತೆ ಅದೇ ತಾಪಕ್ಕೆ ತಣಿಸಿದರೆ ಸುಮಾರು 1 ಲೀಟರ್ ನೀರು ದ್ರವವಾಗಿ ತೊಟ್ಟಿಯಲ್ಲಿ ಅಥವಾ ಕೊಳವೆಯಲ್ಲಿ ಇಳಿಯುತ್ತದೆ. ತೊಟ್ಟಿಯ ತಳದ ತಿರುಪನ್ನು ದಿನವೂ ಬಿಚ್ಚಿ ನೀರು ಹೊರಬಿಡದಿದ್ದರೆ ಅದು ಯಂತ್ರದತ್ತ ಸಾಗುತ್ತದೆ. ಸ್ಪಿಂಡಲ್‌ಗೆ ನೀರು ತಗುಲಿದರೆ ಬೇರಿಂಗ್ ತುಕ್ಕು ಹಿಡಿಯುತ್ತದೆ. ಜಿರ್ಕೋನಿಯಾದ ಪುಡಿ ಬರ್‌ಗೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ ಎಣ್ಣೆರಹಿತ ಕಂಪ್ರೆಸರ್‌ನೊಂದಿಗೆ ಗಾಳಿ ಒಣಗಿಸುವ ಘಟಕವೂ ಬೇಕು. ಶೈತ್ಯ ಮಾದರಿಯ ಘಟಕ ಗಾಳಿಯ ಇಬ್ಬನಿ ಬಿಂದುವನ್ನು ಸುಮಾರು 3 ಡಿಗ್ರಿಗೆ ಇಳಿಸುತ್ತದೆ, ಹೀರುವ ಮಾದರಿಯದು ಶೂನ್ಯಕ್ಕಿಂತ ಕೆಳಕ್ಕೆ. ಚಿಕಿತ್ಸಾಲಯದ ದಂತ ಕುರ್ಚಿಗೆ ಬಳಸುತ್ತಿದ್ದ ಹಳೆಯ ಕಂಪ್ರೆಸರನ್ನು ಹಾಗೆಯೇ ಜೋಡಿಸುವುದು ಉಳಿತಾಯವೆನಿಸಬಹುದು, ಆದರೆ ಅದರ ಬೆಲೆಯನ್ನು ಸ್ಪಿಂಡಲ್ ತೆರುತ್ತದೆ.

ಅರ್ಧ ಸುಟ್ಟ ಜಿರ್ಕೋನಿಯಾ ಸೂಕ್ಷ್ಮ ರಂಧ್ರಗಳ ವಸ್ತು. ತೆರೆದ ಬಿಲ್ಲೆಗಳನ್ನು ಮುಚ್ಚಿದ ಡಬ್ಬಿಯಲ್ಲಿ ಇಡುವುದು ಒಳ್ಳೆಯದು. ಬಣ್ಣದ ದ್ರಾವಣ ಹಚ್ಚಿದ ತುಣುಕನ್ನು ಪೂರ್ತಿ ಒಣಗಿಸದೆ ಕುಲುಮೆಗೆ ಹಾಕಿದರೆ ಒಳಗಿನ ನೀರು ಆವಿಯಾಗಿ ಬಿರುಕು ಮೂಡಬಹುದು. ಬೇಸಿಗೆಯಲ್ಲಿ ಸಾಕಾಗುತ್ತಿದ್ದ ಒಣಗಿಸುವ ಅವಧಿ ಮಳೆಗಾಲದಲ್ಲಿ ಸಾಲದು. ಅತಿಗೆಂಪು ದೀಪದ ಕೆಳಗೆ ಒಣಗಿಸುವುದು ಇದಕ್ಕೆ ಸಾಮಾನ್ಯ ಉಪಾಯ.

ನಗರದ ವಿದ್ಯುತ್ ಪೂರೈಕೆ ಮೆಸ್ಕಾಂ ವ್ಯಾಪ್ತಿಯಲ್ಲಿದೆ. ಮಳೆಗಾಲಕ್ಕೆ ಮುಂಚಿನ ಏಪ್ರಿಲ್ ಮತ್ತು ಮೇ ತಿಂಗಳ ಸಂಜೆಗಳು ಹಾಗೂ ಅಕ್ಟೋಬರ್ ಗುಡುಗು ಸಿಡಿಲಿನ ಕಾಲ. ಯಂತ್ರ ಮತ್ತು ಅದರ ಗಣಕಕ್ಕೆ ಯುಪಿಎಸ್, ವಿದ್ಯುತ್ ಏರಿಳಿತ ತಡೆಯುವ ಸಾಧನ, ಸರಿಯಾದ ಭೂಸಂಪರ್ಕ ಮೂರೂ ಅಗತ್ಯ. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಭೂಸಂಪರ್ಕದ ರೋಧ ಹೆಚ್ಚುವುದರಿಂದ ಅದನ್ನು ಅಳೆಯಿಸುವುದಕ್ಕೆ ಬೇಸಿಗೆಯೇ ಸೂಕ್ತ ಸಮಯ.

ಕೊರೆತದ ನಡುವೆ ವಿದ್ಯುತ್ ಹೋದರೆ ನಷ್ಟವಾಗುವುದು ಬಹುಶಃ ಒಂದು ತುಣುಕು. ಕುಲುಮೆಯ ವಿಷಯ ಹಾಗಲ್ಲ. ಸಾಂಪ್ರದಾಯಿಕ ಸುಡುವಿಕೆ ಎಂಟು ಹತ್ತು ಗಂಟೆ ನಡೆಯುತ್ತದೆ, ಬಹುತೇಕ ರಾತ್ರಿ ವೇಳೆ. ಒಂದು ಬಟ್ಟಲಿನಲ್ಲಿ ಇಡೀ ದಿನದ ಕೆಲಸವಿರುತ್ತದೆ. ಉನ್ನತ ತಾಪದ ಹಂತದಲ್ಲಿ ವಿದ್ಯುತ್ ನಿಂತರೆ ಆ ತುಣುಕುಗಳ ಅಳತೆ, ಬಣ್ಣ ಮತ್ತು ಬಲವನ್ನು ನಂಬುವಂತಿಲ್ಲ. ಕುಲುಮೆ ಎಳೆಯುವ ವಿದ್ಯುತ್ ಹೆಚ್ಚು, ಆದ್ದರಿಂದ ಸಣ್ಣ ಯುಪಿಎಸ್ ಅದನ್ನು ಹೊರಲಾರದು. ತಾನೇ ಚಾಲೂ ಆಗುವ ಜನರೇಟರ್ ಬೇಕಾಗುತ್ತದೆ. ಒಂದೆರಡು ಗಂಟೆಯ ವೇಗದ ಸುಡುವಿಕೆ ಈ ಅಪಾಯವನ್ನು ತಗ್ಗಿಸುತ್ತದೆ, ಆದರೆ ಅದಕ್ಕೆ ತಯಾರಕರು ಒಪ್ಪಿಗೆ ನೀಡಿರುವ ಬಿಲ್ಲೆಗಳನ್ನೇ ಬಳಸಬೇಕು.

ತಂತ್ರಾಂಶ ಮತ್ತು ಮುಕ್ತ ವ್ಯವಸ್ಥೆ

ಕೆಲಸ ಎರಡು ತಂತ್ರಾಂಶಗಳಲ್ಲಿ ಸಾಗುತ್ತದೆ. ಹಲ್ಲಿನ ಆಕಾರವನ್ನು ಎಕ್ಸೊಕ್ಯಾಡ್ ಅಥವಾ ತ್ರೀಶೇಪ್‌ನಂತಹ ವಿನ್ಯಾಸ ತಂತ್ರಾಂಶದಲ್ಲಿ ರೂಪಿಸುತ್ತಾರೆ. ಬರ್ ಸಾಗಬೇಕಾದ ದಾರಿಯನ್ನು ಮಿಲ್‌ಬಾಕ್ಸ್ ಅಥವಾ ಹೈಪರ್‌ಡೆಂಟ್‌ನಂತಹ ಇನ್ನೊಂದು ತಂತ್ರಾಂಶ ಲೆಕ್ಕ ಹಾಕುತ್ತದೆ. ಎಸ್‌ಟಿಎಲ್ ಎಂಬ ಸಾಮಾನ್ಯ ಕಡತ ಮಾದರಿಯನ್ನು ಸ್ವೀಕರಿಸುವ, ಯಾವುದೇ ತಯಾರಕರ 98 ಮಿ.ಮೀ. ಬಿಲ್ಲೆಯನ್ನು ಹಿಡಿಯುವ ಯಂತ್ರವನ್ನು ಮುಕ್ತ ವ್ಯವಸ್ಥೆ ಎನ್ನುತ್ತಾರೆ. ತಮ್ಮದೇ ಅಳತೆಯ ಬಿಲ್ಲೆ ಬಳಸುವ ವ್ಯವಸ್ಥೆಗಳೂ ಇವೆ. ಜಿರ್ಕೋನ್‌ಜಾನ್ 95 ಮಿ.ಮೀ., ಅಮಾನ್ ಗಿರ್‌ಬಾಖ್ 71 ಮಿ.ಮೀ. ಬಿಲ್ಲೆಗಳಿಗೆ ಹೆಸರಾಗಿವೆ. ಅಂತಹ ವ್ಯವಸ್ಥೆಯಲ್ಲಿ ಯಂತ್ರ, ಬಿಲ್ಲೆ, ಕುಲುಮೆ ಒಂದಕ್ಕೊಂದು ಹೊಂದಿಕೊಂಡು ಬರುವುದರಿಂದ ಆರಂಭದ ತಲೆನೋವು ಕಡಿಮೆ. ಆದರೆ ಪೂರೈಕೆದಾರರು ಒಬ್ಬರೇ ಆಗಿ, ಬೆಲೆ ಏರಿದರೆ ಅಥವಾ ಸರಕು ತಡವಾದರೆ ಬೇರೆ ದಾರಿ ಇರುವುದಿಲ್ಲ. ದೊಡ್ಡ ನಗರಗಳಿಂದ ದೂರವಿರುವ ಪ್ರಯೋಗಾಲಯಕ್ಕೆ ಮುಕ್ತ ವ್ಯವಸ್ಥೆಯೇ ಹೆಚ್ಚು ಕ್ಷೇಮ.

ತಂತ್ರಾಂಶದ ಪರವಾನಗಿಗೆ ವಾರ್ಷಿಕ ಶುಲ್ಕವಿದೆಯೇ, ಶುಲ್ಕ ಕಟ್ಟದಿದ್ದರೆ ಯಂತ್ರ ನಿಲ್ಲುತ್ತದೆಯೇ, ಯಂತ್ರ ಮಾರುವಾಗ ಪರವಾನಗಿಯೂ ವರ್ಗವಾಗುತ್ತದೆಯೇ ಎಂಬುದು ಲಿಖಿತವಾಗಿರಬೇಕು. ದುರಸ್ತಿಯ ವಿಷಯದಲ್ಲಿ ಕೇಳಬೇಕಾದದ್ದು ಎಂಜಿನಿಯರ್ ಎಲ್ಲಿಂದ ಬರುತ್ತಾರೆ, ಬಿಡಿಭಾಗ ದೇಶದೊಳಗೆ ದಾಸ್ತಾನಿದೆಯೇ, ಸ್ಪಿಂಡಲ್ ಕೆಟ್ಟರೆ ಬದಲಿ ಎಷ್ಟು ದಿನದಲ್ಲಿ ಎಂಬುದು. ಯಂತ್ರ ನಿಂತ ದಿನಗಳಲ್ಲಿ ಕೆಲಸ ಕಳುಹಿಸಲು ಹಳೆಯ ಮಿಲ್ಲಿಂಗ್ ಕೇಂದ್ರದೊಂದಿಗಿನ ಸಂಬಂಧವನ್ನು ಕಡಿದುಕೊಳ್ಳದಿರುವುದು ವಿವೇಕ.

ವೆಚ್ಚದ ಲೆಕ್ಕ

ಯಂತ್ರದ ಬೆಲೆ ಒಟ್ಟು ಹೂಡಿಕೆಯ ಒಂದು ಭಾಗ. ಸ್ಕ್ಯಾನರ್, ತಂತ್ರಾಂಶಗಳು, ಕುಲುಮೆ, ಕಂಪ್ರೆಸರ್ ಮತ್ತು ಗಾಳಿ ಒಣಗಿಸುವ ಘಟಕ, ಧೂಳುಹೀರುಕ, ಯುಪಿಎಸ್, ಜನರೇಟರ್, ಹವಾನಿಯಂತ್ರಿತ ಕೋಣೆ ಎಲ್ಲವೂ ಸೇರಬೇಕು.

ಲೆಕ್ಕದ ಕ್ರಮವನ್ನು ತೋರಿಸಲು ಕಲ್ಪಿತ ಅಂಕಿಗಳನ್ನು ತೆಗೆದುಕೊಳ್ಳಬಹುದು. ಹೊರಗಿನ ಕೇಂದ್ರ ಒಂದು ಘಟಕಕ್ಕೆ 700 ರೂಪಾಯಿ ಪಡೆಯುತ್ತದೆ ಎಂದಿಟ್ಟುಕೊಳ್ಳೋಣ. ಸ್ವಂತ ಯಂತ್ರದಲ್ಲಿ ಬಿಲ್ಲೆ, ಬರ್ ಮತ್ತು ವಿದ್ಯುತ್ತಿಗೆ ಘಟಕವೊಂದಕ್ಕೆ 250 ರೂಪಾಯಿ ತಗುಲಿದರೆ ಉಳಿಯುವುದು 450 ರೂಪಾಯಿ. ಸಾಲದ ಕಂತು ಮತ್ತು ನಿರ್ವಹಣೆ ತಿಂಗಳಿಗೆ 60,000 ರೂಪಾಯಿ ಆದರೆ, 134 ಘಟಕ ಮಾಡಿದ ಮೇಲೆಯೇ ಯಂತ್ರ ತನ್ನ ಖರ್ಚನ್ನು ತಾನು ಹೊರುತ್ತದೆ. ವಿನ್ಯಾಸಕ್ಕೆಂದು 20,000 ರೂಪಾಯಿ ಸಂಬಳದ ತಂತ್ರಜ್ಞರನ್ನು ಹೊಸದಾಗಿ ನೇಮಿಸಿಕೊಂಡರೆ ಈ ಸಂಖ್ಯೆ 178ಕ್ಕೆ ಏರುತ್ತದೆ. ತಿಂಗಳಿಗೆ 60 ಘಟಕ ಹೊರಗೆ ಕಳುಹಿಸುತ್ತಿರುವ ಪ್ರಯೋಗಾಲಯ ಯಂತ್ರ ಬಂದ ಕೂಡಲೇ ಕೆಲಸ ಮೂರು ಪಟ್ಟಾಗುತ್ತದೆಂದು ನಂಬಿ ಸಾಲ ಮಾಡುವುದು ಸಾಹಸವೇ ಸರಿ.

ಯಂತ್ರದ ಸಾಮರ್ಥ್ಯ ಅಪರೂಪಕ್ಕೆ ಅಡ್ಡಿಯಾಗುತ್ತದೆ. ಒಂದು ಕ್ರೌನ್‌ಗೆ 20 ನಿಮಿಷವೆಂದರೆ ಎಂಟು ಗಂಟೆಯಲ್ಲಿ 24 ಕ್ರೌನ್. ಅಷ್ಟನ್ನು ವಿನ್ಯಾಸ ಮಾಡುವ, ಬಿಲ್ಲೆಯಿಂದ ಬಿಡಿಸಿ ಬಣ್ಣ ಹಚ್ಚುವ, ಹೊಳಪು ಕೊಡುವ ಕೈಗಳೇ ಕಡಿಮೆ ಬೀಳುತ್ತವೆ. ಬಿಲ್ಲೆಗಳನ್ನು ತಾನೇ ಬದಲಿಸಿಕೊಳ್ಳುವ ದುಬಾರಿ ಮಾದರಿಗಳು ಮೊದಲ ಖರೀದಿಗೆ ಅಪರೂಪಕ್ಕೆ ಬೇಕಾಗುವುದು ಇದರಿಂದಲೇ. ಮೂರು ಆಯಾಮದ ಮುದ್ರಣ ಯಂತ್ರಗಳು ತಾತ್ಕಾಲಿಕ ಹಲ್ಲು ಮತ್ತು ಅಚ್ಚುಗಳ ಕೆಲಸವನ್ನು ಕಡಿಮೆ ಖರ್ಚಿನಲ್ಲಿ ಮಾಡತೊಡಗಿರುವುದರಿಂದ, ಪಿಎಂಎಂಎ ಕೆಲಸದ ಆದಾಯವನ್ನು ನೆಚ್ಚಿ ಲೆಕ್ಕ ಹಾಕುವುದೂ ಸರಿಯಲ್ಲ.

ಸಿಬ್ಬಂದಿ

ದಂತ ತಂತ್ರಜ್ಞರ ವೃತ್ತಿ 1948ರ ದಂತವೈದ್ಯರ ಕಾಯಿದೆಯಲ್ಲಿ ಡೆಂಟಲ್ ಮೆಕ್ಯಾನಿಕ್ ಎಂಬ ಹೆಸರಿನಲ್ಲಿ ಮಾನ್ಯತೆ ಪಡೆಯಿತು. ಇದಕ್ಕೆ ಎರಡು ವರ್ಷದ ಡಿಪ್ಲೊಮಾ ಇದೆ. ಮೇಣದಲ್ಲಿ ಹಲ್ಲು ಕೆತ್ತಲು ಬಲ್ಲ ಹಿರಿಯ ತಂತ್ರಜ್ಞರು ಗಣಕಕ್ಕೆ ಅಂಜುವುದುಂಟು, ಗಣಕ ಬಲ್ಲ ಕಿರಿಯರಿಗೆ ಹಲ್ಲಿನ ಕಚ್ಚುವಿಕೆಯ ಸೂಕ್ಷ್ಮ ತಿಳಿಯದಿರುವುದೂ ಉಂಟು. ಇಬ್ಬರನ್ನೂ ಒಂದೇ ಮೇಜಿನ ಮುಂದೆ ಕೂರಿಸಿದ ಪ್ರಯೋಗಾಲಯಗಳಲ್ಲಿ ಕಲಿಕೆ ಬೇಗ ಸಾಗುತ್ತದೆ.

ಖರೀದಿಗೆ ಮುಂಚಿನ ಪರೀಕ್ಷೆ

ಮಾರಾಟಗಾರರ ಪ್ರದರ್ಶನದಲ್ಲಿ ಕೊರೆಯುವ ಮಾದರಿ ಹಲ್ಲು ಯಾವಾಗಲೂ ಸುಂದರವಾಗಿರುತ್ತದೆ. ಪ್ರಯೋಗಾಲಯವು ತನ್ನದೇ ಹಳೆಯ ಕಡತಗಳನ್ನು ಕೊಟ್ಟು ಕೊರೆಸಿ ನೋಡುವುದು ಉತ್ತಮ. ಒಂದು ದವಡೆಹಲ್ಲಿನ ಕ್ರೌನ್, ವಾಲಿದ ಆಧಾರಗಳ ಮೇಲಿನ ನಾಲ್ಕು ಘಟಕದ ಬ್ರಿಡ್ಜ್, ತೆಳು ತುದಿಯ ಮುಂಭಾಗದ ಹಲ್ಲು, ಈ ಮೂರು ಸಾಕು. ಸುಟ್ಟ ಬಳಿಕ ಅವುಗಳನ್ನು ಅಚ್ಚಿನ ಮೇಲೆ ಕೂರಿಸಿ, ಬ್ರಿಡ್ಜ್ ಅಲುಗಾಡುತ್ತದೆಯೇ ಎಂದು ಬೆರಳಿನಿಂದ ಒತ್ತಿ ನೋಡಬೇಕು. ಅಂಚನ್ನು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಬೇಕು. ಅದೇ ಕಡತವನ್ನು ಬಿಲ್ಲೆಯ ನಡುವಿನಲ್ಲೂ ಅಂಚಿನಲ್ಲೂ ಕೊರೆಸಿ ಎರಡನ್ನೂ ಹೋಲಿಸಿದರೆ ಯಂತ್ರದ ಅಕ್ಷಗಳ ಹೊಂದಾಣಿಕೆ ತಿಳಿಯುತ್ತದೆ.

ಯಂತ್ರ ಬಂದ ಮೇಲೂ ಮೊದಲ ವಾರಗಳಲ್ಲಿ ಪ್ರತಿ ಬಿಲ್ಲೆಯ ತಯಾರಿಕಾ ಸಂಖ್ಯೆ, ಹಿಗ್ಗುವಿಕೆಯ ಅಂಕ, ಬಳಸಿದ ಬರ್ ಕೊರೆದ ಘಟಕಗಳ ಎಣಿಕೆ ಮತ್ತು ಕುಲುಮೆಯ ಕಾರ್ಯಕ್ರಮವನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಪದ್ಧತಿ ಇದೆ. ವೈದ್ಯರಿಂದ ಕ್ರೌನ್ ಬಿಗಿಯಾಗಿದೆ ಅಥವಾ ಸಡಿಲವಾಗಿದೆ ಎಂಬ ದೂರು ಬಂದಾಗ ದೋಷ ಬಿಲ್ಲೆಯದೋ, ಬರ್‌ನದೋ, ಕುಲುಮೆಯದೋ ಎಂದು ಹುಡುಕಲು ಆ ಪುಟಗಳೇ ಆಧಾರ. ಅಕ್ಷಗಳ ಮಾಪನಾಂಕವನ್ನು ತಯಾರಕರು ಸೂಚಿಸಿದ ಅವಧಿಗೆ ಹಾಗೂ ಯಂತ್ರವನ್ನು ಸ್ಥಳಾಂತರಿಸಿದಾಗಲೆಲ್ಲ ಮರುಹೊಂದಿಸಲಾಗುತ್ತದೆ.